ಪದಚರ್ಚೆ: ಡೆರಿವೇಟಿವ್ ನಿಯಮಗಳಿಗೆ ಕನ್ನಡದ ಹೆಸರುಗಳು – ಅವಕಲನ, ನಿಷ್ಪನ್ನ, ಉತ್ಪನ್ನ

ಎಲ್ಲರಿಗೂ ನಮಸ್ಕಾರ.

ಹತ್ತನೇ ತರಗತಿವರೆಗೆ ಕನ್ನಡದಲ್ಲೇ ಗಣಿತ ಓದಿ, ಪಿಯುಸಿಯಲ್ಲಿ ಸೈನ್ಸ್ ತೆಗೆದುಕೊಂಡ ಮಕ್ಕಳಿಗಾಗಿ ಒಂದು ಪುಟ್ಟ ಕೈಪಿಡಿ ಬರೆಯುತ್ತಿದ್ದೇನೆ. ಡೆರಿವೇಟಿವ್, ಅಂದರೆ ಒಂದು ಬೆಲೆ ಬದಲಾದಂತೆ ಇನ್ನೊಂದು ಬದಲಾಗುವ ದರ, ಅದನ್ನು ಕಂಡುಹಿಡಿಯುವ ಮೂಲ ನಿಯಮಗಳಷ್ಟೇ ಅದರಲ್ಲಿವೆ. ಲೆಕ್ಕಗಳನ್ನು ಬರೆದು ಮುಗಿಸಿದ್ದೇನೆ, ಪದಗಳ ಹತ್ತಿರ ಬಂದು ನಿಂತಿದ್ದೇನೆ. ಬಳಗದಲ್ಲಿ ಗಣಿತ ಬಲ್ಲವರೂ ವ್ಯಾಕರಣ ಬಲ್ಲವರೂ ಇದ್ದೀರಿ. ಅದಕ್ಕೇ ಸ್ವಲ್ಪ ಉದ್ದವಾಗಿಯೇ ಕೇಳುತ್ತಿದ್ದೇನೆ.

ಮೊದಲು ದೊಡ್ಡ ಗೋಜಲು. ಫಂಕ್ಷನ್ (ಒಂದು ಬೆಲೆ ಕೊಟ್ಟರೆ ಅದಕ್ಕೆ ತಕ್ಕ ಇನ್ನೊಂದು ಬೆಲೆ ಕೊಡುವ ನಿಯಮ) ಎಂಬುದಕ್ಕೆ ಕನ್ನಡದ ಗಣಿತ ಬರಹಗಳಲ್ಲಿ 'ಉತ್ಪನ್ನ' ಎಂಬ ಪದವಿದೆ, 'ಫಲನ' ಎಂಬುದೂ ಇದೆ. ಆದರೆ ಪೇಪರಿನಲ್ಲಿ, ಜಾಹೀರಾತಿನಲ್ಲಿ ಉತ್ಪನ್ನ ಅಂದರೆ ಕಾರ್ಖಾನೆಯಲ್ಲಿ ತಯಾರಾದ ಸರಕು, ಅಂದರೆ ಪ್ರಾಡಕ್ಟ್. ಹಾಗಾಗಿ ಎರಡು ಫಂಕ್ಷನ್‌ಗಳನ್ನು ಗುಣಿಸಿದಾಗ ಬಳಸುವ ಪ್ರಾಡಕ್ಟ್ ರೂಲ್ ಯಂತ್ರಾನುವಾದದಲ್ಲಿ 'ಉತ್ಪನ್ನ ನಿಯಮ' ಆಗಿಬಿಡುತ್ತದೆ. ಡೆರಿವೇಟಿವ್ ಕೂಡ ಕೆಲವು ಕಡೆ 'ಉತ್ಪನ್ನ' ಆಗಿರುವುದನ್ನು ನೋಡಿದ್ದೇನೆ. ಈ ಮೂರನ್ನೂ ಒಂದೇ ವಾಕ್ಯದಲ್ಲಿ ಇಟ್ಟು ನೋಡಿ: 'ಎರಡು ಉತ್ಪನ್ನಗಳ ಉತ್ಪನ್ನದ ಉತ್ಪನ್ನ'. ಓದುವ ಹುಡುಗಿಗೆ ಇದರಿಂದ ಏನು ತಿಳಿಯಬೇಕು?

ಇದರಲ್ಲಿ ಒಂದು ಗಂಟನ್ನು ಸುಲಭವಾಗಿ ಬಿಚ್ಚಬಹುದು. ಗುಣಿಸಿದಾಗ ಬರುವುದು ಗುಣಲಬ್ಧ, ಭಾಗಿಸಿದಾಗ ಬರುವುದು ಭಾಗಲಬ್ಧ ಎಂದು ಪ್ರಾಥಮಿಕ ಶಾಲೆಯಿಂದಲೇ ಮಕ್ಕಳಿಗೆ ಗೊತ್ತು. ಆದ್ದರಿಂದ ಗುಣಲಬ್ಧ ನಿಯಮ, ಭಾಗಲಬ್ಧ ನಿಯಮ ಎಂದೇ ಬರೆದಿದ್ದೇನೆ. ಇದರಲ್ಲಿ ಚರ್ಚೆಗೆ ಜಾಗವಿದೆ ಅಂತ ನನಗನ್ನಿಸುವುದಿಲ್ಲ. ಫಂಕ್ಷನ್‌ಗೆ ಫಲನ ಎಂದು ಬಳಸಿದ್ದೇನೆ. ಉತ್ಪನ್ನ ಎಂಬ ಪದವನ್ನು ಕೈಪಿಡಿಯಿಂದ ಪೂರ್ತಿ ಹೊರಗಿಟ್ಟಿದ್ದೇನೆ.

ಇನ್ನು ಅವಕಲನ. ಡೆರಿವೇಟಿವ್ ಕಂಡುಹಿಡಿಯುವ ಕೆಲಸಕ್ಕೆ, ಅಂದರೆ ಡಿಫರೆನ್ಷಿಯೇಷನ್‌ಗೆ ಅವಕಲನ, ಅದರ ತಿರುಗುಮುರುಗಾದ ಇಂಟಿಗ್ರೇಷನ್‌ಗೆ ಅನುಕಲನ ಎಂದು ನಮ್ಮಲ್ಲಿ ಬಳಕೆಯಿದೆ. ಹಿಂದಿಯಲ್ಲಿ ಅವಕಲನ, ಸಮಾಕಲನ ಎನ್ನುತ್ತಾರೆ. ಕನ್ನಡ ಶಾಲೆಯ ಮಕ್ಕಳಿಗೆ ಇಲ್ಲೊಂದು ವಿಶೇಷ ತೊಡಕಿದೆ. ಕೂಡುವುದಕ್ಕೆ ಸಂಕಲನ, ಕಳೆಯುವುದಕ್ಕೆ ವ್ಯವಕಲನ ಎಂದು ಅವರು ಚಿಕ್ಕಂದಿನಿಂದ ಕಲಿತಿದ್ದಾರೆ. ಅವಕಲನ ಎಂದು ಮೊದಲ ಸಲ ಕೇಳಿದಾಗ ಅದು ವ್ಯವಕಲನವೇ ಇರಬೇಕು, ಮುದ್ರಣದಲ್ಲಿ ಒಂದಕ್ಷರ ತಪ್ಪಾಗಿದೆ ಅಂದುಕೊಳ್ಳುತ್ತಾರೆ.

ಹಾಗಂತ ಅವಕಲನ ಕೆಟ್ಟ ಪದವೇನಲ್ಲ. ಈ ಲೆಕ್ಕದ ಹೊಟ್ಟೆಯೊಳಗೆ ಕಳೆಯುವ ಕೆಲಸವೇ ಇದೆ. ಎಕ್ಸ್‌ನ ಘನವನ್ನೇ ತೆಗೆದುಕೊಳ್ಳಿ. ಎಕ್ಸ್ 2 ಇದ್ದಾಗ ಅದರ ಬೆಲೆ 8. ಎಕ್ಸ್ ಅನ್ನು 2.01ಕ್ಕೆ ಏರಿಸಿದರೆ ಬೆಲೆ 8.120601. ಎರಡರ ವ್ಯತ್ಯಾಸ 0.120601. ಅದನ್ನು 0.01ರಿಂದ ಭಾಗಿಸಿದರೆ 12.0601. ಏರಿಕೆಯನ್ನು ಇನ್ನೂ ಸಣ್ಣದು ಮಾಡುತ್ತಾ ಹೋದರೆ ಉತ್ತರ 12ರ ಹತ್ತಿರ ಹತ್ತಿರ ಹೋಗುತ್ತದೆ. ಆ 12 ಎಂಬುದೇ ಅಲ್ಲಿನ ಡೆರಿವೇಟಿವ್. ಎರಡು ವ್ಯತ್ಯಾಸಗಳು, ಅವುಗಳ ಭಾಗಲಬ್ಧ, ಅದು ಮುಟ್ಟಲು ಹೊರಟ ಮಿತಿ, ಇಷ್ಟೇ ವಿಷಯ. ಆದ್ದರಿಂದ ಅವಕಲನಕ್ಕೂ ವ್ಯವಕಲನಕ್ಕೂ ಇರುವ ನಂಟನ್ನು ಮುಚ್ಚಿಡುವ ಬದಲು, ಪಾಠದ ಮೊದಲ ಪುಟದಲ್ಲೇ ಬಿಡಿಸಿ ಹೇಳಬೇಕು ಎಂಬುದು ನನ್ನ ಅಭಿಪ್ರಾಯ.

ನನ್ನ ತಕರಾರು ಬೇರೆ ಕಡೆ ಇದೆ. ಮಾಡುವ ಕೆಲಸಕ್ಕೂ ಅದರಿಂದ ಸಿಗುವ ಫಲಕ್ಕೂ ನಮ್ಮಲ್ಲಿ ಹಲವರು ಅವಕಲನ ಎಂಬ ಒಂದೇ ಪದ ಬಳಸುತ್ತಾರೆ. 'ಎಕ್ಸ್‌ನ ಘನವನ್ನು ಅವಕಲಿಸಿ' ಅನ್ನುವುದು ಸರಿ. 'ಎಕ್ಸ್‌ನ ಘನದ ಅವಕಲನ 3ಎಕ್ಸ್²' ಅನ್ನುವಾಗ ಮಾತ್ರ ಏನೋ ತಪ್ಪುತ್ತದೆ. ಗುಣಾಕಾರ ಬೇರೆ, ಗುಣಲಬ್ಧ ಬೇರೆ, ಭಾಗಾಕಾರ ಬೇರೆ, ಭಾಗಲಬ್ಧ ಬೇರೆ ಎಂದು ನಾವು ಶಾಲೆಯಲ್ಲಿ ಅಷ್ಟು ಚೊಕ್ಕವಾಗಿ ಹೇಳಿಕೊಡುತ್ತೇವೆ. ಆ ಶಿಸ್ತನ್ನು ಇಲ್ಲಿ ಯಾಕೆ ಬಿಡಬೇಕು? ಹಿಂದಿಯ ಪಠ್ಯದಲ್ಲಿ ಕೆಲಸಕ್ಕೆ ಅವಕಲನ, ಫಲಕ್ಕೆ ಅವಕಲಜ ಎಂದು ಎರಡು ಪದಗಳಿವೆ.

ಫಲಕ್ಕೆ ಕನ್ನಡದಲ್ಲಿ 'ನಿಷ್ಪನ್ನ' ಇದೆ. ಒಂದರಿಂದ ಹೊರಟು ಬಂದದ್ದು ಎಂಬ ಅರ್ಥ ಸರಿಯಾಗಿ ಕೂಡುತ್ತದೆ. ಲ್ಯಾಟಿನ್ ಮೂಲದ ಡೆರಿವೇಟಿವ್ ಪದದ ಹಿಂದೆಯೂ ಇಂಥದೇ ಅರ್ಥವಿದೆ, ಹೊಳೆಯಿಂದ ನೀರನ್ನು ಬೇರೆ ಕಡೆಗೆ ತಿರುಗಿಸಿಕೊಳ್ಳುವುದು ಅಂತ. ಗಣಿತದಲ್ಲಿ ಆ ಹೆಸರು ನಿಲ್ಲುವುದಕ್ಕೆ ಗಣಿತಜ್ಞ ಲಗ್ರಾಂಜ್ ಮುಖ್ಯ ಕಾರಣ. 1797ರ ತನ್ನ ಪುಸ್ತಕದಲ್ಲಿ ಆತ ಒಂದು ಫಲನದಿಂದ ಹೊರಟ ಇನ್ನೊಂದು ಫಲನ ಎಂದೇ ಇದನ್ನು ನೋಡಿದ. ಡೆರಿವೇಟಿವ್ ತೋರಿಸಲು ನಾವು ಇವತ್ತು ಫಲನದ ಅಕ್ಷರದ ತಲೆಯ ಪಕ್ಕ ಹಾಕುವ ಸಣ್ಣ ಗೀಟೂ ಅವನದೇ. ಅವನಿಗಿಂತ ಮುಂಚೆ ನ್ಯೂಟನ್ ಹರಿವು ಎಂಬ ಅರ್ಥದ ಪದ ಬಳಸಿದ್ದ.

ನಿಷ್ಪನ್ನದ ತೊಂದರೆ ಅದರ ಸದ್ದಿನಲ್ಲಿದೆ. ಫಂಕ್ಷನ್‌ಗೆ ಉತ್ಪನ್ನ ಎಂದೇ ಓದಿದವರಿಗೆ 'ಉತ್ಪನ್ನದ ನಿಷ್ಪನ್ನ' ಕಿವಿಯಲ್ಲಿ ಕಲಸಿಹೋಗುತ್ತದೆ. ಫಲನ ಎಂದರೆ ಆ ಗೊಂದಲ ತಪ್ಪುತ್ತದೆ. 'ಫಲನದ ನಿಷ್ಪನ್ನ' ಕೇಳಲು ಸರಾಗವಾಗಿದೆ, ಅಲ್ವಾ?

ಇನ್ನೊಂದು ಪದವೂ ನನ್ನ ಮನಸ್ಸಿನಲ್ಲಿ ಬಹಳ ದಿನ ಓಡಾಡಿತು: ಜನ್ಯ. ಕರ್ನಾಟಕ ಸಂಗೀತ ಕಲಿತವರಿಗೆ ಜನಕರಾಗ, ಜನ್ಯರಾಗ ಗೊತ್ತು. ಮೂಲ ಫಲನ ಜನಕ, ಅದರಿಂದ ಬಂದದ್ದು ಜನ್ಯ. ಪುಟ್ಟ ಪದ, ಒತ್ತಕ್ಷರವೂ ಒಂದೇ. ಯೋಚಿಸುತ್ತಾ ಹೋದಾಗ ಒಂದು ಅಡ್ಡಿ ಕಂಡಿತು. ಸಂಗೀತದಲ್ಲಿ ಒಂದು ಜನಕಕ್ಕೆ ಹಲವು ಜನ್ಯಗಳು. ಇಲ್ಲಿ ಒಂದು ಫಲನಕ್ಕೆ ಒಂದೇ ನಿಷ್ಪನ್ನ, ಒಂದು ನಿಷ್ಪನ್ನಕ್ಕೆ ಮಾತ್ರ ಹಲವು ಮೂಲಗಳು. ಎಕ್ಸ್², ಎಕ್ಸ್²+5, ಎಕ್ಸ್²−100, ಇವೆಲ್ಲದರ ನಿಷ್ಪನ್ನವೂ 2ಎಕ್ಸ್ ಒಂದೇ. ಸ್ಥಿರಾಂಕದ ನಿಷ್ಪನ್ನ ಸೊನ್ನೆ ತಾನೇ. ಹೋಲಿಕೆ ತಲೆಕೆಳಗಾದ ಮೇಲೆ ಆ ಪದವನ್ನು ಕೈಬಿಟ್ಟೆ. ಬೇರೆ ಯಾರಿಗಾದರೂ ಅದು ಸರಿ ಅನ್ನಿಸಿದರೆ ಕಾರಣ ಕೇಳಲು ನಿಜವಾಗಿಯೂ ಆಸೆಯಿದೆ.

ಈಗ ನಿಯಮಗಳ ಮಾತು. ಕ್ಲಾಸಿನಲ್ಲಿ ಮೇಷ್ಟ್ರು ಹೇಳುವ ಕನ್ನಡವನ್ನು ಕಿವಿಗೊಟ್ಟು ಕೇಳಿ. 'ಪವರ್ ಮುಂದಕ್ಕೆ ಬರುತ್ತೆ, ಮೇಲೆ ಒಂದು ಕಮ್ಮಿ ಆಗುತ್ತೆ.' ಇದಕ್ಕಿಂತ ಚೆನ್ನಾಗಿ ಘಾತ ನಿಯಮವನ್ನು ಯಾರು ಹೇಳಿಯಾರು? ಪವರ್ ಇದ್ದ ಕಡೆ ಘಾತ ಎಂದು ಹಾಕಿ ಅದನ್ನೇ ಕೈಪಿಡಿಗೆ ಇಳಿಸಿದೆ. ಇಲ್ಲಿ ಒಂದು ಎಚ್ಚರಿಕೆ ಮಾತ್ರ ಬೇಕು. ಎಕ್ಸ್‌ನ ಮೇಲೆ ಸಂಖ್ಯೆ ಇದ್ದರೆ ಈ ನಿಯಮ ನಡೆಯುತ್ತದೆ. ಸಂಖ್ಯೆಯ ಮೇಲೆ ಎಕ್ಸ್ ಕೂತಿದ್ದರೆ ನಡೆಯುವುದಿಲ್ಲ. 2ರ ಮೇಲೆ ಎಕ್ಸ್ ಘಾತವಿದ್ದಾಗ ನಿಷ್ಪನ್ನವು ಅದೇ ಫಲನ, ಜೊತೆಗೆ ಸುಮಾರು 0.693ರ ಗುಣಕ. ಮೊದಲನೆಯದಕ್ಕೆ ಘಾತ ಫಲನ, ಎರಡನೆಯದಕ್ಕೆ ಘಾತೀಯ ಫಲನ ಎನ್ನುವ ರೂಢಿ ನನಗೆ ಅಪಾಯಕಾರಿ ಅನ್ನಿಸುತ್ತದೆ. ಬರೀ 'ಈಯ' ಪ್ರತ್ಯಯದ ಮೇಲೆ ಇಷ್ಟು ದೊಡ್ಡ ವ್ಯತ್ಯಾಸದ ಭಾರ ಹಾಕಬಾರದು. ಎರಡನೆಯದಕ್ಕೆ ಬೇರೆ ಹೆಸರು ಯಾರಿಗಾದರೂ ಹೊಳೆದರೆ ಹೇಳಿ.

ಗುಣಿಸುವ ಎರಡು ಫಲನಗಳನ್ನು ಯು, ವಿ ಎಂದು ಕರೆಯುವುದರಿಂದ ಗುಣಲಬ್ಧ ನಿಯಮಕ್ಕೆ ಕ್ಲಾಸಿನಲ್ಲಿ 'ಯುವಿ ರೂಲ್' ಎಂದೇ ಹೆಸರು. 'ಮೊದಲನೇದು ಇಂಟು ಎರಡನೇದರ ಡೆರಿವೇಟಿವ್, ಪ್ಲಸ್ ಎರಡನೇದು ಇಂಟು ಮೊದಲನೇದರ ಡೆರಿವೇಟಿವ್' ಎಂದು ಮಕ್ಕಳು ಪಾಠ ಒಪ್ಪಿಸುತ್ತಾರೆ. ಇಲ್ಲಿ ಪದಕ್ಕಿಂತ ಜಾಸ್ತಿ ತಪ್ಪಾಗುವುದು ಅರ್ಥ. ಕೂಡಿಸಿದ್ದನ್ನು ಬಿಡಿಬಿಡಿಯಾಗಿ ಅವಕಲಿಸಿ ಕೂಡಿಸಬಹುದು. ಹಾಗಾದರೆ ಗುಣಿಸಿದ್ದನ್ನೂ ಬಿಡಿಬಿಡಿಯಾಗಿ ಅವಕಲಿಸಿ ಗುಣಿಸಿದರಾಯಿತು ಎಂದು ಯಾರಿಗಾದರೂ ಅನ್ನಿಸುತ್ತದೆ. ಈ ಗಣಿತವನ್ನು ಕಟ್ಟಿದವರಲ್ಲೊಬ್ಬನಾದ ಲೈಬ್ನಿಟ್ಸ್ ಕೂಡ 1675ರ ನವೆಂಬರಿನ ತನ್ನ ಟಿಪ್ಪಣಿಯಲ್ಲಿ ಇದೇ ಪ್ರಶ್ನೆ ಹಾಕಿಕೊಂಡು, ಹಾಗಾಗದು ಎಂದು ಕಂಡುಕೊಂಡ. ಸರಿಯಾದ ನಿಯಮ 1684ರಲ್ಲಿ ಅಚ್ಚಾಯಿತು. ಮಕ್ಕಳಿಗೆ ಇದನ್ನು ಹೇಳಲೇಬೇಕು ಅನ್ನಿಸುತ್ತದೆ. ಆ ಪ್ರಶ್ನೆ ಅವರ ತಲೆಗೆ ಬಂದರೆ ಅದು ದಡ್ಡತನವಲ್ಲ.

ತಾಳೆ ನೋಡುವುದೂ ಸುಲಭ. ಎಕ್ಸ್² ಮತ್ತು ಎಕ್ಸ್³ ಗುಣಿಸಿದರೆ ಎಕ್ಸ್⁵, ಅದರ ನಿಷ್ಪನ್ನ 5ಎಕ್ಸ್⁴. ಬಿಡಿಬಿಡಿಯಾಗಿ ಅವಕಲಿಸಿ ಗುಣಿಸಿದರೆ ಬರುವುದು 6ಎಕ್ಸ್³, ಅದು ತಪ್ಪು. ಕಾರಣ ಬೇಕಾದರೆ ಒಂದು ಆಯತ ಬರೆಯಬೇಕು. ಉದ್ದ 10 ಮೀಟರ್, ನಿಮಿಷಕ್ಕೆ 2 ಮೀಟರ್ ಬೆಳೆಯುತ್ತಿದೆ. ಅಗಲ 6 ಮೀಟರ್, ನಿಮಿಷಕ್ಕೆ 1 ಮೀಟರ್ ಬೆಳೆಯುತ್ತಿದೆ. ಈ ಕ್ಷಣದಲ್ಲಿ ವಿಸ್ತೀರ್ಣ ಬೆಳೆಯುವ ದರ 10×1 ಮತ್ತು 6×2 ಕೂಡಿ ನಿಮಿಷಕ್ಕೆ 22 ಚದರ ಮೀಟರ್. ಎರಡು ಅಂಚುಗಳ ಉದ್ದಕ್ಕೂ ಎರಡು ಪಟ್ಟಿಗಳು ಸೇರುತ್ತವೆ. ಮೂಲೆಯಲ್ಲಿ ಒಂದು ಚೂರು ಉಳಿಯುತ್ತದೆ, ನಿಜ. ಸಮಯವನ್ನು ಸಣ್ಣದು ಮಾಡಿದಷ್ಟೂ ಆ ಚೂರು ಪಟ್ಟಿಗಳ ಮುಂದೆ ಲೆಕ್ಕಕ್ಕೆ ಬರುವುದಿಲ್ಲ. ಪೂರ್ತಿ ಒಂದು ನಿಮಿಷ ತೆಗೆದುಕೊಂಡರೆ ದರ 24, ನಿಮಿಷದ ಹತ್ತರಲ್ಲೊಂದು ಭಾಗ ತೆಗೆದುಕೊಂಡರೆ 22.2ಕ್ಕೆ ಇಳಿದಿರುತ್ತದೆ.

ಭಾಗಲಬ್ಧ ನಿಯಮದಲ್ಲಿ ಮಾತ್ರ ಕನ್ನಡ ಪದಗಳು ಇಂಗ್ಲಿಷ್ ಅಕ್ಷರಗಳಿಗಿಂತ ಚೆನ್ನಾಗಿ ಕೆಲಸ ಮಾಡುತ್ತವೆ. ಯು, ವಿ ಎಂದರೆ ಯಾವುದು ಮೇಲೆ, ಯಾವುದು ಕೆಳಗೆ ಎಂದು ಮರೆತೇ ಹೋಗುತ್ತದೆ. ಅಂಶ, ಛೇದ ಎಂದರೆ ಮರೆಯುವುದಿಲ್ಲ. 'ಛೇದ ಗುಣಿಸು ಅಂಶದ ನಿಷ್ಪನ್ನ, ಅದರಲ್ಲಿ ಅಂಶ ಗುಣಿಸು ಛೇದದ ನಿಷ್ಪನ್ನವನ್ನು ಕಳೆ, ಬಂದದ್ದನ್ನು ಛೇದದ ವರ್ಗದಿಂದ ಭಾಗಿಸು.'

ಒಂದು ಫಲನದೊಳಗೆ ಇನ್ನೊಂದು ಕೂತಿರುವಾಗ ಬಳಸುವ ಚೈನ್ ರೂಲ್‌ಗೆ ಸರಪಳಿ ನಿಯಮ ಎಂದಿದ್ದೇನೆ. ಶೃಂಖಲೆ ಬೇಡ. ಇಲ್ಲಿ ಕನ್ನಡದ ವಾಕ್ಯಕ್ರಮದ ಬಗ್ಗೆ ಒಂದು ವಿಷಯ ಗಮನಕ್ಕೆ ಬಂತು. ನಿಮ್ಮ ಅಭಿಪ್ರಾಯ ಬೇಕಾಗಿರುವುದು ಮುಖ್ಯವಾಗಿ ಇದಕ್ಕೇ. ಇಂಗ್ಲಿಷಿನಲ್ಲಿ ಓದುವಾಗ 'ಸೈನ್' ಮೊದಲು ಬರುತ್ತದೆ, ಅದರೊಳಗಿನ ವರ್ಗ ಆಮೇಲೆ. ಕನ್ನಡದಲ್ಲಿ 'ಎಕ್ಸ್‌ನ ವರ್ಗದ ಸೈನ್'. ಒಳಗಿನದು ಮೊದಲು, ಹೊರಗಿನದು ಕೊನೆಗೆ. ಲೆಕ್ಕ ಕಟ್ಟುವ ಕ್ರಮವೂ ಅದೇ: ಮೊದಲು ವರ್ಗ ಮಾಡಬೇಕು, ಆಮೇಲೆ ಸೈನ್ ತೆಗೆಯಬೇಕು. ಅವಕಲಿಸುವಾಗ ಹೊರಗಿನಿಂದ ಒಳಕ್ಕೆ ಹೋಗಬೇಕು. ಹಾಗಾಗಿ ಮಕ್ಕಳಿಗೆ 'ಕನ್ನಡದಲ್ಲಿ ಬಾಯಿಬಿಟ್ಟು ಓದಿ, ಕೊನೆಯ ಪದದಿಂದ ಶುರುಮಾಡಿ ಹಿಂದಕ್ಕೆ ಬನ್ನಿ' ಎಂದರೆ ಸಾಕು. ಸೈನ್‌ನ ನಿಷ್ಪನ್ನ ಕಾಸ್, ಒಳಗಿನದು ಹಾಗೇ ಇರಲಿ. ಆಮೇಲೆ ವರ್ಗದ ನಿಷ್ಪನ್ನ 2ಎಕ್ಸ್. ಎರಡನ್ನೂ ಗುಣಿಸಿದರೆ ಎಕ್ಸ್‌ನ ವರ್ಗದ ಕಾಸ್‌ನ 2ಎಕ್ಸ್ ಪಟ್ಟು.

ಇದನ್ನೇ 'ಎಕ್ಸ್‌ನ ಸೈನ್‌ನ ವರ್ಗ' ಎಂದು ಬದಲಿಸಿ ನೋಡಿ. ಈಗ ಕೊನೆಯ ಪದ ವರ್ಗ. ಅದರಿಂದ ಶುರು ಮಾಡಿದರೆ 2 ಸೈನ್, ಆಮೇಲೆ ಸೈನ್‌ನ ನಿಷ್ಪನ್ನ ಕಾಸ್. ಉತ್ತರ ಎಕ್ಸ್‌ನ ಸೈನ್ ಮತ್ತು ಕಾಸ್‌ಗಳ ಗುಣಲಬ್ಧದ ಎರಡರಷ್ಟು. 'ಸೈನ್ ಸ್ಕ್ವೇರ್ ಎಕ್ಸ್', 'ಸೈನ್ ಎಕ್ಸ್ ಸ್ಕ್ವೇರ್' ಎಂದು ಓದಿ ತಡವರಿಸುವ ಮಕ್ಕಳಿಗೆ ನಮ್ಮ ಷಷ್ಠೀ ವಿಭಕ್ತಿ ಎಷ್ಟು ಸಹಾಯ ಮಾಡುತ್ತದೆ ನೋಡಿ. ಇದು ಎಲ್ಲ ಕಡೆ ನಡೆಯುತ್ತದೆಯೇ, ಎಲ್ಲಾದರೂ ಕೈಕೊಡುತ್ತದೆಯೇ ಎಂದು ವ್ಯಾಕರಣ ಬಲ್ಲವರು ಪರೀಕ್ಷಿಸಿ ಹೇಳಬೇಕು. 'ಐದನೇ ಘಾತ', 'ಮೂರರಷ್ಟು', 'ಒಂದು ಕೂಡಿದ್ದು' ಇವೆಲ್ಲ ಸೇರಿದಾಗ ವಾಕ್ಯ ಉದ್ದವಾಗುತ್ತದೆ. 'ಎಕ್ಸ್‌ನ ಮೂರರಷ್ಟಕ್ಕೆ ಒಂದು ಕೂಡಿದ್ದರ ಐದನೇ ಘಾತ' ಎಂದು ಬರೆದೆ. ಕೊನೆಯಿಂದ ಬಂದರೆ 5 ಪಟ್ಟು ನಾಲ್ಕನೇ ಘಾತ, ಆಮೇಲೆ 3, ಒಟ್ಟು 15 ಪಟ್ಟು ನಾಲ್ಕನೇ ಘಾತ. ಲೆಕ್ಕ ಸರಿಯಾಗಿದೆ. ವಾಕ್ಯ ಇನ್ನೂ ಹಗುರವಾಗಬೇಕು.

'ವಿತ್ ರೆಸ್ಪೆಕ್ಟ್ ಟು ಎಕ್ಸ್' ಎಂಬುದಕ್ಕೆ 'ಎಕ್ಸ್‌ಗೆ ಸಂಬಂಧಿಸಿದಂತೆ' ಎಂದು ಬರೆಯುವವರಿದ್ದಾರೆ. ಸರ್ಕಾರಿ ಪತ್ರದ ವಾಸನೆ ಬರುತ್ತದೆ. 'ಎಕ್ಸ್ ಬದಲಾದಂತೆ ವೈ ಬದಲಾಗುವ ದರ' ಎಂದರೆ ಅರ್ಥವೂ ಅಲ್ಲೇ ಸಿಗುತ್ತದೆ. ಮೊದಲ ಸಲ ಹೀಗೆ ಬಿಡಿಸಿ ಹೇಳಿ, ಮುಂದೆ ಎಲ್ಲ ಕಡೆ 'ಡಿವೈ ಬೈ ಡಿಎಕ್ಸ್' ಎಂದೇ ಬಿಟ್ಟಿದ್ದೇನೆ. ಅದನ್ನು ಕನ್ನಡಿಸುವ ಅಗತ್ಯ ಕಾಣಲಿಲ್ಲ. ಪರೀಕ್ಷೆಯಲ್ಲಿ ಅವರು ಬರೆಯಬೇಕಾದದ್ದು ಅದನ್ನೇ.

ನಿಷ್ಪನ್ನವನ್ನು ಚಿತ್ರದಲ್ಲಿ ನೋಡಿದರೆ ಅದು ರೇಖೆ ಎಷ್ಟು ಓರೆಯಾಗಿದೆ ಎಂಬುದು, ಅಂದರೆ ಸ್ಲೋಪ್. ಸ್ಲೋಪ್‌ಗೆ ಇಳಿಜಾರು ಎಂಬ ಪದ ಪಠ್ಯಗಳಲ್ಲಿದೆ. ರೇಖೆ ಮೇಲಕ್ಕೆ ಏರುತ್ತಿರುವಾಗ 'ಇಳಿಜಾರು ಧನವಾಗಿದೆ' ಎನ್ನುವುದು ನನಗೆ ಹಿಡಿಸುವುದಿಲ್ಲ. ಗಾರೆ ಕೆಲಸದವರು 'ನೀರು ಹೋಗೋಕೆ ವಾಟ ಕೊಡಿ' ಅನ್ನುತ್ತಾರಲ್ಲ, ಆ ವಾಟವನ್ನು ಇಲ್ಲಿ ತರಬಹುದೇ?

ಕೊನೆಯದಾಗಿ ಇನ್ನೊಂದು. ಭಾಸ್ಕರಾಚಾರ್ಯ 1150ರ ಸಿದ್ಧಾಂತಶಿರೋಮಣಿಯಲ್ಲಿ ಗ್ರಹದ ಆ ಕ್ಷಣದ ಚಲನೆಗೆ 'ತಾತ್ಕಾಲಿಕ ಗತಿ' ಎನ್ನುತ್ತಾನೆ. ಸೈನಿನಲ್ಲಾಗುವ ಸಣ್ಣ ವ್ಯತ್ಯಾಸವನ್ನು ಕಾಸ್‌ನಿಂದ ಪಡೆಯುವ ಲೆಕ್ಕ ಅಲ್ಲಿದೆ. ಆ ಹೆಸರನ್ನು ಹಾಗೇ ಉಳಿಸಿಕೊಳ್ಳುವ ಆಸೆ ನನಗಿತ್ತು. ಆದರೆ ಇವತ್ತಿನ ಕನ್ನಡದಲ್ಲಿ ತಾತ್ಕಾಲಿಕ ಅಂದರೆ ಕಾಯಂ ಅಲ್ಲದ್ದು, ತಾತ್ಕಾಲಿಕ ನೌಕರ, ತಾತ್ಕಾಲಿಕ ಶೆಡ್. ಅದಕ್ಕೇ ಸದ್ಯಕ್ಕೆ 'ಆ ಕ್ಷಣದ ವೇಗ' ಎಂದು ಬರೆದಿದ್ದೇನೆ. ರೈಲಿನ ತತ್ಕಾಲ್ ಟಿಕೆಟ್ಟಿನಿಂದಾಗಿ 'ಆಗಿಂದಾಗಲೇ' ಎಂಬ ಅರ್ಥ ಜನರ ಬಾಯಲ್ಲಿ ಮತ್ತೆ ಬಂದಿದೆ. ಹಾಗಿರುವಾಗ 'ತತ್ಕಾಲದ ವೇಗ' ಎಂದರೆ ನಡೆದೀತೇ? ನಿಷ್ಪನ್ನ, ವಾಟ, ತತ್ಕಾಲ, ಈ ಮೂರರ ಬಗ್ಗೆ ನಿಮ್ಮ ಊರುಗಳ ಕಡೆಯ ಬಳಕೆಯನ್ನೂ ಸೇರಿಸಿ ಬರೆಯಿರಿ.