ಡೆಂಗಿ ವರದಿಯಲ್ಲಿ ವೈರಸ್ಸಿನ ಬಗೆಯನ್ನು ಏಕೆ ಬರೆಯುವುದಿಲ್ಲ?

ಪ್ರಶ್ನೆ (ಶಿಕ್ಷಕಿ, ಮಂಡ್ಯ): ಎರಡು ವರ್ಷಗಳ ಹಿಂದೆ ಡೆಂಗಿಯಿಂದ ಗುಣವಾಗಿದ್ದ ನನ್ನ ಮಗನಿಗೆ ಈ ಮಳೆಗಾಲದಲ್ಲಿ ಮತ್ತೆ ಎನ್‌ಎಸ್‌1 ಪಾಸಿಟಿವ್ ಬಂದಿತು. ಡೆಂಗಿ ವೈರಸ್ಸಿನಲ್ಲಿ ನಾಲ್ಕು ಬಗೆಗಳಿವೆಯಂತೆ. ಅವನಿಗೆ ಬಂದದ್ದು ಯಾವುದೆಂದು ವರದಿಯಲ್ಲಿ ಏಕಿಲ್ಲ?

ಉತ್ತರ (ಸೂಕ್ಷ್ಮಜೀವಿ ತಜ್ಞೆ, ಮೈಸೂರು): ಎನ್‌ಎಸ್‌1 ಎಂಬ ಪ್ರೋಟೀನನ್ನು ನಾಲ್ಕು ಬಗೆಗಳೂ ಸ್ರವಿಸುತ್ತವೆ, ಆಸ್ಪತ್ರೆಗಳಲ್ಲಿ ಬಳಸುವ ಎಲೈಸಾ ಕಿಟ್ ಅದು ಇದೆಯೋ ಇಲ್ಲವೋ ಎಂಬುದನ್ನಷ್ಟೇ ತಿಳಿಸುತ್ತದೆ. ಬಗೆ ಗೊತ್ತಾಗಬೇಕಾದರೆ ರಕ್ತದಲ್ಲಿರುವ ವೈರಸ್ಸಿನ ಆರ್‌ಎನ್‌ಎಯನ್ನೇ (ಅದರ ಆನುವಂಶಿಕ ವಸ್ತುವನ್ನೇ) ಹಿಡಿದು ಆರ್‌ಟಿ-ಪಿಸಿಆರ್ ಮಾಡಬೇಕು, ಮತ್ತು ಆ ಆರ್‌ಎನ್‌ಎ ಜ್ವರದ ಮೊದಲ ಐದು ದಿನಗಳ ಆಚೆಗೆ ಸಿಗುವುದು ಕಷ್ಟ. ಯಾವ ಬಗೆಯಾದರೂ ಚಿಕಿತ್ಸೆ ಒಂದೇ: ದ್ರವಾಂಶ ಕಾಯ್ದುಕೊಳ್ಳುವುದು, ಹೆಮಟೋಕ್ರಿಟ್ (ರಕ್ತದಲ್ಲಿ ಕೆಂಪು ಕಣಗಳ ಪಾಲು) ಮತ್ತು ಪ್ಲೇಟ್‌ಲೆಟ್ ಗಮನಿಸುವುದು. ಆದ್ದರಿಂದ ರೋಗಿಯ ವರದಿಗೆ ಅದು ಬೇಕಾಗುವುದಿಲ್ಲ.

ಪ್ರಶ್ನೆ (ಆರೋಗ್ಯ ಕಾರ್ಯಕರ್ತ, ಮದ್ದೂರು): ಹಾಗಿದ್ದರೆ ನಮ್ಮಿಂದ ಬಗೆ ಗುರುತಿಸಲೆಂದು ಮಾದರಿಗಳನ್ನು ತರಿಸಿಕೊಳ್ಳುವುದೇತಕ್ಕೆ?

ಉತ್ತರ: ರೋಗಿಗೆ ಬೇಡವಾದ ಆ ಮಾಹಿತಿ ಊರಿಗೆ ಬೇಕು. ಒಂದು ಬಗೆಯ ಸೋಂಕು ಆ ಬಗೆಯ ವಿರುದ್ಧ ದೀರ್ಘಕಾಲದ ರಕ್ಷಣೆ ಕೊಟ್ಟರೂ ಉಳಿದ ಮೂರರಿಂದ ಕೊಡುವ ರಕ್ಷಣೆ ಕೆಲವೇ ತಿಂಗಳುಗಳದ್ದು. ಆಮೇಲೆ ಹಳೆಯ ಪ್ರತಿಕಾಯಗಳು (ಆ್ಯಂಟಿಬಾಡಿಗಳು) ಹೊಸ ಬಗೆಯ ವೈರಸ್ಸನ್ನು ತಡೆಯುವ ಬದಲು ಅದು ಜೀವಕೋಶದೊಳಗೆ ಹೊಗಲು ನೆರವಾಗುವುದೂ ಉಂಟು. ಕ್ಯೂಬಾದಲ್ಲಿ 1977ರಲ್ಲಿ ಒಂದನೆಯ ಬಗೆ ವ್ಯಾಪಕವಾಗಿ ಹಬ್ಬಿತ್ತು; 1981ರಲ್ಲಿ ಎರಡನೆಯದು ಕಾಲಿಟ್ಟಾಗ 158 ಜನ ತೀರಿಕೊಂಡರು. ನಮ್ಮಲ್ಲಿ ನಾಲ್ಕೂ ಬಗೆಗಳು ಓಡಾಡುತ್ತಿರುವುದರಿಂದ ಈ ವರ್ಷ ಯಾವುದು ಇದೆ ಎನ್ನುವುದಕ್ಕಿಂತ ಯಾವುದು ಹಿಂದೆ ಸರಿದು ಯಾವುದು ಮುಂದೆ ಬಂತು ಎಂಬುದೇ ಎಚ್ಚರಿಕೆಯ ಸೂಚನೆ.

ಇಲ್ಲಿ ನನ್ನದೊಂದು ದೂರಿದೆ. ನನ್ನ ಮೇಜಿಗೆ ಬರುವ ಎಷ್ಟೋ ನಮೂನೆಗಳಲ್ಲಿ ಜ್ವರ ಶುರುವಾದ ದಿನಾಂಕದ ಜಾಗ ಖಾಲಿ ಇರುತ್ತದೆ. ಏಳನೆಯ ದಿನದ ರಕ್ತದಲ್ಲಿ ಆರ್‌ಎನ್‌ಎ ಸಿಗದಿದ್ದರೆ ಅದನ್ನು ‘ಡೆಂಗಿ ಇಲ್ಲ’ ಎಂದು ಓದಲಾಗದು, ಆದರೆ ದಿನಾಂಕವಿಲ್ಲದೆ ಅದು ಏಳನೆಯ ದಿನದ್ದೆಂದು ನನಗೆ ತಿಳಿಯುವುದಾದರೂ ಹೇಗೆ? ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಇರುವ ಟ್ಯೂಬ್ ಬೇಡ, ಅದು ಪಿಸಿಆರ್‌ಗೆ ಅಡ್ಡಿ. ಸೀರಮ್ಮನ್ನು (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ದ್ರವವನ್ನು) ಬೇರ್ಪಡಿಸಿ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೇಗ ಕಳುಹಿಸಿ. ಹೆಪ್ಪುಗಟ್ಟಿಸಿ ಕರಗಿಸಿ ಮತ್ತೆ ಹೆಪ್ಪುಗಟ್ಟಿಸಬೇಡಿ. ಇನ್ನೊಂದು ಮಾತು: ದಾಖಲಾದ ತೀವ್ರ ರೋಗಿಗಳ ಮಾದರಿಯನ್ನಷ್ಟೇ ಕಳುಹಿಸಿದರೆ ಉಲ್ಬಣಗೊಳ್ಳುವ ಬಗೆಯೇ ಊರೆಲ್ಲ ಇದೆಯೆಂಬ ತಪ್ಪು ಚಿತ್ರ ಮೂಡುತ್ತದೆ. ಹೊರರೋಗಿ ವಿಭಾಗದ ಸಾಮಾನ್ಯ ಜ್ವರದವರ ಮಾದರಿಯೂ ಇರಲಿ, ಮಳೆಗಾಲ ಮುಗಿದ ಮೇಲೂ ಒಂದಿಷ್ಟು ಬರಲಿ.

ಪ್ರಶ್ನೆ (ಮೊದಲಿನ ಶಿಕ್ಷಕಿ): ಮಗನಿಗೆ ಮೊದಲ ಸಲ ಬಂದದ್ದು ಯಾವ ಬಗೆಯೆಂದು ಈಗ ಪತ್ತೆ ಮಾಡಬಹುದೇ?

ಉತ್ತರ: ವೈರಸ್ಸನ್ನು ಪ್ರತಿಕಾಯಗಳು ಎಷ್ಟರಮಟ್ಟಿಗೆ ನಿಷ್ಕ್ರಿಯಗೊಳಿಸುತ್ತವೆ ಎಂದು ಅಳೆಯುವ ಪರೀಕ್ಷೆಯೊಂದಿದೆ, ಅದು ಸಂಶೋಧನಾ ಪ್ರಯೋಗಾಲಯಗಳ ಕೆಲಸ. ಎರಡನೆಯ ಸೋಂಕಾದ ಮೇಲೆ ಪ್ರತಿಕಾಯಗಳು ಹಲವು ಬಗೆಗಳಿಗೂ ಸ್ಪಂದಿಸುವುದರಿಂದ ಅದರ ಉತ್ತರವೂ ಕಲಸಿಹೋಗಿರುತ್ತದೆ. ಇಂದು ಅದನ್ನು ಖಚಿತವಾಗಿ ಹೇಳಲಾಗದು.