ಮಗುವಿನ ಜೀವನಾಂಶ ಎಷ್ಟು ಅಂತ ಹೇಗೆ ಲೆಕ್ಕ ಹಾಕುತ್ತಾರೆ? ಅನುಭವ ಇದ್ದವರು ಹೇಳಿ

ಮಗಳಿಗೆ 7 ವರ್ಷ. ಎಂಟು ತಿಂಗಳಿಂದ ತವರಿನಲ್ಲಿದ್ದೇನೆ, ಕೇಸು ಇನ್ನೂ ಹಾಕಿಲ್ಲ. ಅವರಿಗೆ ಕೈಗೆ 60,000 ಬರುತ್ತದೆ, ನನಗೆ ಶಾಲೆಯಲ್ಲಿ 18,000. ಸಂಬಳದಲ್ಲಿ ನೂರಕ್ಕೆ 25 ಸಿಕ್ಕೇ ಸಿಗುತ್ತದೆ ಅಂತಾರೆ ಒಬ್ಬರು. ನೀನೂ ದುಡಿಯುತ್ತೀಯಲ್ಲ, ಏನೂ ಸಿಗಲ್ಲ ಅಂತಾರೆ ಇನ್ನೊಬ್ಬರು. ಯಾವುದು ನಿಜ?

ಮೈಸೂರಿನಿಂದ:
ಎರಡೂ ನಿಜ ಅಲ್ಲ. ಮಗುವಿಗೆ ಸಂಬಳದಲ್ಲಿ ಇಷ್ಟು ಪಾಲು ಅಂತ ನಮ್ಮ ಕಾನೂನಿನಲ್ಲಿ ಬರೆದಿಲ್ಲ. ಆ 25ರ ಮಾತು ಬಂದಿದ್ದು 2017ರ ಒಂದು ಸುಪ್ರೀಂ ಕೋರ್ಟ್ ತೀರ್ಪಿನಿಂದ. ಅಲ್ಲಿ ಗಂಡನ ಕೈಗೆ ಸುಮಾರು 95,000 ಬರುತ್ತಿತ್ತು, ಹೆಂಡತಿ ಮತ್ತು ಮಗನಿಗೆ ಸೇರಿ ತಿಂಗಳಿಗೆ 20,000 ಅಂತ ಆಯಿತು. ಗಂಡನ ಕೈಗೆ ಬರುವ ಸಂಬಳದಲ್ಲಿ ನೂರಕ್ಕೆ 25 ಹೆಂಡತಿಯ ಜೀವನಾಂಶಕ್ಕೆ ಸರಿ ಅಂತ ಅಲ್ಲಿ ಆಡಿದ ಮಾತನ್ನು ಜನ ಎಲ್ಲದಕ್ಕೂ ಹಚ್ಚುತ್ತಾರೆ.

ಕೋರ್ಟ್ ಮುಖ್ಯವಾಗಿ ನೋಡುವುದು ಮಗುವಿಗೆ ಎಷ್ಟು ಬೇಕು, ಅಪ್ಪ ಅಮ್ಮನ ಕೈಯಲ್ಲಿ ಎಷ್ಟಿದೆ ಅಂತ. 2020ರ ನವೆಂಬರ್‌ನಲ್ಲಿ ರಜನೀಶ್–ನೇಹಾ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಇಬ್ಬರೂ ಆದಾಯ, ಆಸ್ತಿ, ಸಾಲ, ಖರ್ಚು ಎಲ್ಲವನ್ನೂ ಬರೆದು ಅಫಿಡವಿಟ್ ಕೊಡಲೇಬೇಕು. ಜೀವನಾಂಶ ಅರ್ಜಿ ಹಾಕಿದ ದಿನದಿಂದ ಅಂತಲೂ ಅದರಲ್ಲೇ ಇದೆ. ಅದಕ್ಕೇ ಹೇಳುತ್ತೇನೆ, ಇನ್ನು ತಡ ಮಾಡಬೇಡಿ, ಎಂಟು ತಿಂಗಳು ಹಾಗೇ ಹೋಗಿದೆ.

ನನ್ನ ಕಥೆ ಕೇಳಿ. ನಮ್ಮವರದ್ದು ಅಂಗಡಿ. ತಿಂಗಳಿಗೆ 15,000 ಆದಾಯ ಅಂತ ಬರೆದುಕೊಟ್ಟರು. ನನಗೆ ಅಳುವೇ ಬಂತು. ಆದರೆ ಬ್ಯಾಂಕ್ ಸ್ಟೇಟ್‌ಮೆಂಟ್ ತರಿಸಿದಾಗ ಕಾರಿನ ಇಎಂಐ ಒಂದೇ 22,000 ಹೋಗುತ್ತಿತ್ತು! ಹದಿನೈದು ದುಡಿಯುವವರು ಇಪ್ಪತ್ತೆರಡು ಕಟ್ಟುವುದು ಹೇಗೆ ಅಂತ ನಮ್ಮ ಲಾಯರ್ ಕೇಳಿದ ಮೇಲೆ ಕೇಸಿನ ದಿಕ್ಕೇ ಬದಲಾಯಿತು. ಸಂಬಳದವರಾದರೆ ಪೇ ಸ್ಲಿಪ್, ಫಾರ್ಮ್ 16 ಕೇಳಿ. ತೆರಿಗೆ, ಪಿಎಫ್ ಕಳೆಯುತ್ತಾರೆ. ತಾವಾಗಿ ಮಾಡಿಕೊಂಡ ಸಾಲದ ಕಂತು ತೋರಿಸಿ ಸಂಬಳ ಉಳಿಯುವುದೇ ಇಲ್ಲ ಅಂದರೆ ಸಾಮಾನ್ಯವಾಗಿ ಒಪ್ಪುವುದಿಲ್ಲ.

ಧಾರವಾಡದಿಂದ:
ಅಕ್ಕಾ, ನೀವು ದುಡಿಯುತ್ತೀರಿ ಅಂತ ಮಗುವಿನ ಹಕ್ಕು ಹೋಗುವುದಿಲ್ಲ. 2000ನೇ ಇಸವಿಯ ಒಂದು ತೀರ್ಪಿನಲ್ಲಿ ಅಪ್ಪನ ಸಂಬಳ 6,233, ಅಮ್ಮನದ್ದು ಸುಮಾರು 3,100. ಒಂದೊಂದು ಮಗುವಿಗೆ 3,000 ಬೇಕು, ಅದನ್ನು ಅಪ್ಪ ಎರಡು ಪಾಲು, ಅಮ್ಮ ಒಂದು ಪಾಲು ಹೊರಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿತು. ನಿಮ್ಮಲ್ಲಿ 60ಕ್ಕೆ 18, ಅಂದರೆ 10ಕ್ಕೆ 3. ಮಗಳಿಗೆ ತಿಂಗಳಿಗೆ 13,000 ಬೇಕು ಅಂತ ತೋರಿಸಿದರೆ ಅವರು 10, ನೀವು 3 ಅಂತ ಕೇಳಬಹುದು. ಕೋರ್ಟ್ ಹಾಗೇ ಕೊಡಬೇಕು ಅಂತಿಲ್ಲ, ಆದರೆ ಕೇಳುವುದಕ್ಕೆ ಒಂದು ಆಧಾರ ಇರುತ್ತದೆ ಅಲ್ವಾ.

ಖರ್ಚಿನ ಪಟ್ಟಿ ಮಾಡುವಾಗ ವರ್ಷಕ್ಕೊಮ್ಮೆ ಬರುವುದನ್ನು ಮರೆಯಬೇಡಿ. ನಾನು ಫೀಸು, ಯೂನಿಫಾರ್ಮ್, ಕನ್ನಡಕ ಯಾವುದನ್ನೂ ಸೇರಿಸಿರಲಿಲ್ಲ. ಸುಮ್ನೆ ಹಾಲು, ಅಕ್ಕಿ, ಟ್ಯೂಷನ್ ಅಂತ ಬರೆದೆ, ಜೂನ್ ಬಂದಾಗ ಕೈಯಲ್ಲಿ ಏನೂ ಇರಲಿಲ್ಲ. ಎಲ್ಲ ಕೂಡಿಸಿ 12ರಿಂದ ಭಾಗಿಸಿ.

ಲಾಯರ್ ಫೀಸಿಗೆ ಹೆದರಬೇಡಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಉಚಿತ ವಕೀಲರು ಸಿಗುತ್ತಾರೆ. 15100ಕ್ಕೆ ಫೋನ್ ಮಾಡಿ.

ತುಮಕೂರಿನಿಂದ:
ಕೊಡುವ ಕಡೆಯವನು ನಾನು. ಕೆಲಸ ಹೋದಾಗ ಎರಡು ತಿಂಗಳು ಸುಮ್ಮನೆ ನಿಲ್ಲಿಸಿಬಿಟ್ಟೆ. ಅದು ತಪ್ಪು. ಆದಾಯ ಬದಲಾದರೆ ಮೊತ್ತ ಬದಲಿಸಿ ಅಂತ ಅರ್ಜಿ ಹಾಕಬೇಕು, ಬಾಕಿ ಇಟ್ಟರೆ ಜೈಲಿಗೂ ಕಳಿಸಬಹುದು. ಅಕ್ಕ, ನಿಮಗೆ ಹೇಳುವುದು ಇಷ್ಟು: ಆದೇಶ ಆದ ಮೇಲೆ ಬಾಕಿ ಬಿದ್ದರೆ ಒಂದು ವರ್ಷ ದಾಟುವುದರೊಳಗೆ ವಸೂಲಿ ಅರ್ಜಿ ಹಾಕಿ. ಜೀವನಾಂಶ ಕೇಳುವುದಕ್ಕೆ ಹಿಂದೆ 125 ಅನ್ನುತ್ತಿದ್ದ ಸೆಕ್ಷನ್ 2024ರ ಜುಲೈಯಿಂದ ಹೊಸ ಕಾನೂನಿನಲ್ಲಿ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 144 ಆಗಿದೆ.

ಕೇಳಿದವರು:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಶಾಲೆ ವ್ಯಾನಿಗೆ 1,200 ಕೊಡುತ್ತೇನೆ, ಒಂದು ಚೀಟಿಯೂ ಇಲ್ಲ. ಏನು ಮಾಡಲಿ?

ಮೈಸೂರಿನಿಂದ:
ಫೋನ್‌ಪೇಯಲ್ಲಿ ಕಳಿಸಿದ್ದರೆ ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲೇ ಇರುತ್ತದೆ. ಕೈಯಲ್ಲಿ ಕೊಟ್ಟಿದ್ದರೆ ಇವತ್ತೇ ಡ್ರೈವರ್ ಹತ್ತಿರ ಹಾಳೆಯಲ್ಲಿ ಬರೆಸಿ ಸಹಿ ಹಾಕಿಸಿಕೊಳ್ಳಿ.