ಚೀನೀ ಮೂಲದ ಪ್ಯಾಥಾಲಜಿ ರೆಸಿಡೆಂಟ್‌ಗಳಿಗೇ ಅಂತ ಸಂಶೋಧನಾ ಪ್ರಶಸ್ತಿ ಇದೆಯಂತೆ. ಇದು ಸರೀನಾ? ನಮಗೇನಿದೆ?

ಹಾಸನದ ಪಿಜಿ

ಎಲ್ಲರಿಗೂ ನಮಸ್ಕಾರ. ನಾನು ಹಾಸನದಲ್ಲಿ ಪ್ಯಾಥಾಲಜಿ (ಅಂಗಾಂಶ, ಕೋಶ ನೋಡಿ ರೋಗ ಗುರುತಿಸುವ ವಿಭಾಗ) ಎಂಡಿ ಮಾಡುತ್ತಿದ್ದೇನೆ, ಈಗ ಎರಡನೇ ವರ್ಷ. ಎಂಬಿಬಿಎಸ್‌ನಲ್ಲಿ ನನ್ನ ರೂಮ್‌ಮೇಟ್ ಆಗಿದ್ದವಳು ಅಮೆರಿಕದಲ್ಲಿ ಪ್ಯಾಥಾಲಜಿ ರೆಸಿಡೆನ್ಸಿಯಲ್ಲಿದ್ದಾಳೆ, ಅಂದರೆ ತಜ್ಞ ವೈದ್ಯೆಯಾಗುವ ತರಬೇತಿಯಲ್ಲಿ. ಮೊನ್ನೆ ರಾತ್ರಿ ಅವಳು ಒಂದು ಫೋಟೊ ಕಳಿಸಿದಳು. ಅವಳ ಜೊತೆಯ ರೆಸಿಡೆಂಟ್ ಒಬ್ಬಳಿಗೆ ಸಂಶೋಧನೆಗೆ ಪ್ರಶಸ್ತಿ ಬಂದಿದೆ, ಕೊಟ್ಟವರು ಅಲ್ಲಿರುವ ಚೀನೀ ಮೂಲದ ಪ್ಯಾಥಾಲಜಿಸ್ಟರ ಸಂಘದವರು. ಟ್ರೈನಿಂಗ್‌ನಲ್ಲಿರುವ ಅವರ ಮೂಲದ ಮಕ್ಕಳಿಗೇ ಅಂತ ಇಟ್ಟಿರುವ ಪ್ರಶಸ್ತಿಯಂತೆ.

ನೋಡಿ ಖುಷಿಯಾಯಿತು, ಜೊತೆಗೆ ಸ್ವಲ್ಪ ಬೇಜಾರೂ ಆಯಿತು. ಸುಳ್ಳು ಯಾಕೆ ಹೇಳಲಿ. ಬೆಳಿಗ್ಗೆಯಿಂದ ಗ್ರಾಸಿಂಗ್ (ಆಪರೇಷನ್‌ನಲ್ಲಿ ತೆಗೆದ ಅಂಗವನ್ನು ಪರೀಕ್ಷೆಗೆ ಕತ್ತರಿಸುವುದು) ಮಾಡಿ, ಮಧ್ಯಾಹ್ನ ಎಫ್‌ಎನ್‌ಎಸಿ (ಗಡ್ಡೆಗೆ ಸಣ್ಣ ಸೂಜಿ ಹಾಕಿ ಕೋಶ ತೆಗೆದು ನೋಡುವುದು) ಮಾಡಿ, ಸಂಜೆ ಸ್ಲೈಡ್ ನೋಡಿ, ರಾತ್ರಿ ಥೀಸಿಸ್‌ನ ಎಕ್ಸೆಲ್ ಶೀಟ್ ತುಂಬುತ್ತಾ ಕೂತಿರುವಾಗ ಇದನ್ನೆಲ್ಲ ಯಾರು ನೋಡುತ್ತಾರೆ ಅಂತ ಒಂದೊಂದು ದಿನ ಅನಿಸುತ್ತದೆ ಅಲ್ವಾ.

ಕೇಳಬೇಕಾಗಿದ್ದು ಇಷ್ಟು. ಯಾವ ದೇಶದ ಮೂಲ ಅಂತ ನೋಡಿ ವಿಜ್ಞಾನಕ್ಕೆ ಪ್ರಶಸ್ತಿ ಕೊಡುವುದು ಸರೀನಾ? ಇಂಥದ್ದು ನಮ್ಮವರಿಗೂ ಇದೆಯಾ? ಜಿಲ್ಲಾ ಕೇಂದ್ರದಲ್ಲಿ ಓದುವ ನನ್ನಂಥವಳು ಎಲ್ಲಿಂದ ಶುರು ಮಾಡಬೇಕು? ನನ್ನ ಥೀಸಿಸ್ ಥೈರಾಯ್ಡ್ ಎಫ್‌ಎನ್‌ಎಸಿ ಮೇಲೆ. ಫಲಿತಾಂಶವನ್ನು ಆರು ವರ್ಗ ಮಾಡುವ ಬೆಥೆಸ್ಡಾ ಪದ್ಧತಿಯಲ್ಲಿ ವಿಂಗಡಿಸಿ, ಆಪರೇಷನ್ ಆದವರ ಹಿಸ್ಟೊ (ತೆಗೆದ ಅಂಗಾಂಶದ ಪರೀಕ್ಷೆ) ರಿಪೋರ್ಟ್ ಜೊತೆ ತಾಳೆ ನೋಡುತ್ತಿದ್ದೇನೆ.

ಮೂಡಿಗೆರೆ ಕಡೆಯವನು

ಮೇಡಂ, ನಾನು ಮೂಡಿಗೆರೆಯವನು. ಅಮೆರಿಕದಲ್ಲಿ ನಾಲ್ಕು ವರ್ಷ ರೆಸಿಡೆನ್ಸಿ ಮುಗಿಸಿ ಫೆಲೋಶಿಪ್ ಮಾಡುತ್ತಿದ್ದೇನೆ. ನಿಮ್ಮ ಗೆಳತಿ ಹೇಳಿದ್ದು ಕಾಪಾ ಅನ್ನುವ ಸಂಘ ಇರಬೇಕು, ಚೈನೀಸ್ ಅಮೆರಿಕನ್ ಪೆಥಾಲಜಿಸ್ಟ್ಸ್ ಅಸೋಸಿಯೇಷನ್.

ಇದನ್ನು ಅರ್ಥ ಮಾಡಿಕೊಳ್ಳಲು ಮೊದಲು ಯುಎಸ್‌ಕ್ಯಾಪ್ ಏನು ಅಂತ ಗೊತ್ತಿರಬೇಕು. ಅದು ಅಮೆರಿಕ ಮತ್ತು ಕೆನಡಾದ ಪ್ಯಾಥಾಲಜಿಸ್ಟರ ದೊಡ್ಡ ಅಕಾಡೆಮಿ. 1906ರಲ್ಲಿ ವೈದ್ಯಕೀಯ ಮ್ಯೂಸಿಯಂಗಳ ಸಂಘವಾಗಿ ಹುಟ್ಟಿದ್ದು. ಮಾಡರ್ನ್ ಪೆಥಾಲಜಿ ಮತ್ತು ಲ್ಯಾಬೊರೇಟರಿ ಇನ್ವೆಸ್ಟಿಗೇಷನ್ ಎರಡೂ ಅವರದೇ ಪತ್ರಿಕೆಗಳು. ವರ್ಷಕ್ಕೊಂದು ದೊಡ್ಡ ಸಮ್ಮೇಳನ ನಡೆಯುತ್ತದೆ, ಅದಕ್ಕೆ ತಿಂಗಳುಗಟ್ಟಲೆ ಮೊದಲೇ ಅಬ್‌ಸ್ಟ್ರ್ಯಾಕ್ಟ್, ಅಂದರೆ ಸಂಶೋಧನೆಯ ಸಾರಾಂಶ ಕಳಿಸಬೇಕು. ಅಲ್ಲಿ ರಾಶಿ ರಾಶಿ ಪೋಸ್ಟರ್. ಟ್ರೈನಿಂಗ್‌ನಲ್ಲಿರುವ ಎಲ್ಲರಿಗೂ ತೆರೆದಿರುವ ಸ್ಟೊವೆಲ್ ಆರ್ಬಿಸನ್ ಪ್ರಶಸ್ತಿಯನ್ನು ಅಕಾಡೆಮಿಯೇ ಕೊಡುತ್ತದೆ. ಅದರ ಪಕ್ಕದಲ್ಲೇ ಬೇರೆ ಬೇರೆ ಸಂಘಗಳು ತಮ್ಮ ಸಭೆ ಮಾಡಿಕೊಂಡು, ತಮ್ಮವರ ಒಳ್ಳೆಯ ಕೆಲಸವನ್ನು ಗುರುತಿಸುತ್ತವೆ. ಕಾಪಾ ಮಾಡುವುದೂ ಅದನ್ನೇ. ಅಂದರೆ ಮುಖ್ಯ ಬಾಗಿಲು ಎಲ್ಲರಿಗೂ ಒಂದೇ. ಅಬ್‌ಸ್ಟ್ರ್ಯಾಕ್ಟ್ ಆಯ್ಕೆಯಾಗುವಾಗ ಯಾರ ಮೂಲವನ್ನೂ ಕೇಳುವುದಿಲ್ಲ.

ನಮ್ಮವರದ್ದೂ ಇದೆ. ಉತ್ತರ ಅಮೆರಿಕದ ಭಾರತೀಯ ಪ್ಯಾಥಾಲಜಿಸ್ಟರ ಸಂಘ, ಎಐಪಿಎನ್‌ಎ ಅನ್ನುತ್ತಾರೆ. ಅವರ ಪ್ರಕಟಣೆಗಳನ್ನು ನೋಡುತ್ತಾ ಇರಿ.

ನಾನು ಬಂದ ಹೊಸದರಲ್ಲಿ ಇಲ್ಲಿ ಯಾರೂ ಗೊತ್ತಿರಲಿಲ್ಲ. ಪೋಸ್ಟರ್ ಮುಂದೆ ಒಬ್ಬನೇ ನಿಂತಿದ್ದೆ, ಜನ ಪಕ್ಕದಲ್ಲೇ ಹಾದು ಹೋಗುತ್ತಿದ್ದರು. ಆಗ ಹಿರಿಯ ಕನ್ನಡಿಗರೊಬ್ಬರು ಬ್ಯಾಡ್ಜ್‌ನಲ್ಲಿ ಹೆಸರು ಓದಿ, "ಯಾವ ಊರಪ್ಪಾ" ಅಂತ ಕೇಳಿದರು. ಆಮೇಲೆ ಪೋಸ್ಟರ್ ಪೂರ್ತಿ ಓದಿ ಎರಡು ಗಟ್ಟಿ ಪ್ರಶ್ನೆ ಕೇಳಿದರು. ಫೆಲೋಶಿಪ್‌ಗೆ ಶಿಫಾರಸು ಪತ್ರ ಬರೆದವರೂ ಅವರೇ. ಸಂಘದಿಂದ ಸಿಗುವ ದೊಡ್ಡ ಲಾಭ ಇದು. ಸರ್ಟಿಫಿಕೇಟ್ ಅದರ ಆಮೇಲೆ.

ಚಿಕ್ಕಮಗಳೂರು ಲ್ಯಾಬ್

ನನಗೆ ಇದು ಒಪ್ಪಿಗೆ ಆಗಲ್ಲ. ಬೇಜಾರು ಮಾಡಿಕೊಳ್ಳಬೇಡಿ, ನೇರವಾಗಿ ಹೇಳುತ್ತೇನೆ.

ನಮ್ಮ ಊರುಗಳಲ್ಲಿ ಜೂನ್ ಬಂದರೆ ಸಾಕು, ಒಂದೊಂದು ಸಮುದಾಯ ಭವನದಲ್ಲೂ ಎಸ್‌ಎಸ್‌ಎಲ್‌ಸಿ, ಪಿಯುಸಿ ಮಕ್ಕಳಿಗೆ ಪ್ರತಿಭಾ ಪುರಸ್ಕಾರ. ಶಾಲು, ಹಾರ, ಒಂದು ಕವರ್. ಆಯಾ ಜಾತಿಯ ಮಕ್ಕಳಿಗೆ ಮಾತ್ರ. ನಮ್ಮ ಮನೆ ಎದುರಿನ ಹುಡುಗಿಗೆ ಶಾಲೆಗೇ ಹೆಚ್ಚು ಅಂಕ ಬಂತು, ಅವರ ಜನ ಇಲ್ಲಿ ನಾಲ್ಕೇ ಮನೆ, ಸಂಘ ಇಲ್ಲ. ಅವಳಿಗೆ ಯಾರೂ ಶಾಲು ಹೊದಿಸಲಿಲ್ಲ. ಆ ಮಗು ಅವತ್ತು ಬಾಗಿಲಲ್ಲಿ ನಿಂತಿದ್ದ ರೀತಿ ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಅಮೆರಿಕದಲ್ಲಿ ಮಾಡಿದರೂ ಇದು ಅದೇ ತಾನೇ? ಸ್ಲೈಡಿನಲ್ಲಿರುವ ಕೋಶಕ್ಕೆ ಯಾವ ದೇಶ? ಕೆಲಸ ಚೆನ್ನಾಗಿದ್ದರೆ ಎಲ್ಲರ ಜೊತೆ ನಿಲ್ಲಿಸಿ ಕೊಡಿ.

ನಿವೃತ್ತ ಮೇಷ್ಟ್ರು, ಹಾಸನ

ಲ್ಯಾಬ್‌ನವರು ಹೇಳಿದ ಆ ಹುಡುಗಿಯ ಮಾತು ನನ್ನನ್ನೂ ತಟ್ಟಿತು. ಆದರೆ ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ಊರಿನಲ್ಲಿ ಜಾಸ್ತಿ ಜನ ಇರುವವರು ತಮ್ಮವರಿಗೆ ಕೊಟ್ಟುಕೊಳ್ಳುವುದು ಬೇರೆ. ಬೇರೆಯವರ ಊರಿಗೆ ಹೋದವರು, ಬಾಗಿಲು ಹಾಕಿಸಿಕೊಂಡವರು ಒಬ್ಬರಿಗೊಬ್ಬರು ಕೈ ಹಿಡಿಯುವುದು ಬೇರೆ. ಚೀನಾದ ಕೂಲಿಗಳು ಬರಬಾರದು ಅಂತ 1882ರಲ್ಲಿ ಅಮೆರಿಕ ಕಾನೂನೇ ಮಾಡಿತ್ತು. ಅದನ್ನು ತೆಗೆದದ್ದು 1943ರಲ್ಲಿ. ಭಾರತೀಯರಿಗೆ ಅಲ್ಲಿ ಪೌರತ್ವದ ದಾರಿ ತೆರೆದದ್ದು 1946ರಲ್ಲಿ. 1965ರ ವಲಸೆ ಕಾನೂನು ಬಂದ ಮೇಲೆಯೇ ನಮ್ಮ ಡಾಕ್ಟರುಗಳು ಹಿಂಡು ಹಿಂಡಾಗಿ ಹೋಗಿದ್ದು. ಅಂಥ ಕಡೆ ಸಂಘಗಳು ಸುಮ್ನೆ ಹುಟ್ಟುವುದಿಲ್ಲ.

ನಾನು ಪಿಜಿಗಳಿಗೆ ಪ್ರತಿ ವರ್ಷ ಒಬ್ಬರ ಕಥೆ ಹೇಳುತ್ತಿದ್ದೆ. ವು ಲಿಯೆನ್ ತೆ. 1879ರಲ್ಲಿ ಪೆನಾಂಗ್‌ನಲ್ಲಿ ಹುಟ್ಟಿದ ಚೀನೀ ಮೂಲದವರು, ಕೇಂಬ್ರಿಜ್‌ನಲ್ಲಿ ವೈದ್ಯಕೀಯ ಓದಿದವರು. ಅಷ್ಟು ಓದಿ 1903ರಲ್ಲಿ ಊರಿಗೆ ಬಂದರೆ ದೊಡ್ಡ ಹುದ್ದೆಗಳೆಲ್ಲ ಬ್ರಿಟಿಷರಿಗೆ ಮಾತ್ರ. ಕೊನೆಗೆ ಚೀನಾಕ್ಕೆ ಹೋದರು. 1910ರ ಡಿಸೆಂಬರ್‌ನಲ್ಲಿ ಹಾರ್ಬಿನ್ ಊರಿನಲ್ಲಿ ಜನ ಕೆಮ್ಮಿ ರಕ್ತ ಕಾರಿ ಸಾಯುತ್ತಿದ್ದಾಗ ಇವರನ್ನು ಕಳಿಸಿದರು. ಆಗ ಅಲ್ಲಿ ಹೆಣ ಕೊಯ್ಯುವುದು ಅಂದರೆ ಯಾರೂ ಒಪ್ಪದ ಕೆಲಸ. ಸತ್ತುಹೋದ ಜಪಾನಿ ಹೆಂಗಸೊಬ್ಬರ ಪೋಸ್ಟ್‌ಮಾರ್ಟಂ ಮಾಡಿ, ಮೈಕ್ರೋಸ್ಕೋಪಿನಲ್ಲಿ ಪ್ಲೇಗಿನ ಬ್ಯಾಕ್ಟೀರಿಯಾ ನೋಡಿದರು. ಇದು ಇಲಿಯ ಚಿಗಟದಿಂದ ಬರುವ ಗೆಡ್ಡೆ ಪ್ಲೇಗ್ ಅಲ್ಲ, ಉಸಿರಿನಿಂದ ಹರಡುವ ಶ್ವಾಸಕೋಶದ ಪ್ಲೇಗ್ ಅಂದರು. ಬಟ್ಟೆ ಮತ್ತು ಹತ್ತಿಯ ಮಾಸ್ಕ್ ಹಾಕಿಕೊಳ್ಳಿ ಅಂದರು. ಅವರಿಗಿಂತ ಹಿರಿಯರಾದ ಫ್ರೆಂಚ್ ಡಾಕ್ಟರ್ ಮೆನಿ ಅದನ್ನು ನಂಬಲಿಲ್ಲ, ಮಾಸ್ಕ್ ಇಲ್ಲದೆ ವಾರ್ಡಿಗೆ ಹೋದರು, ಕೆಲವೇ ದಿನದಲ್ಲಿ ಅದೇ ಪ್ಲೇಗಿಗೆ ತೀರಿಕೊಂಡರು. ಆ ಪಿಡುಗಿನಲ್ಲಿ ಸತ್ತವರು ಸುಮಾರು 60,000 ಜನ. 1935ರಲ್ಲಿ ವು ಅವರ ಹೆಸರು ನೊಬೆಲ್‌ಗೆ ಸೂಚಿತವಾಗಿತ್ತು.

ಈ ಕಥೆ ನನಗೆ ಯಾಕೆ ಇಷ್ಟು ಹತ್ತಿರ ಅಂದರೆ, ಪ್ಲೇಗ್ ಬಂದಾಗ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡಿದ್ದನ್ನು ನಮ್ಮ ಅಜ್ಜಿ ಹೇಳುತ್ತಿದ್ದರು. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಈ ನೆನಪಿದೆ.

ವು ಅವರಿಗೆ ಕಷ್ಟ ಆಗಿದ್ದು ಬುದ್ಧಿ ಕಡಿಮೆಯಾಗಿ ಅಲ್ಲ. ಅವರು ಹೇಳಿದ್ದನ್ನು ಕೇಳುವ ಮನಸ್ಸು ಎದುರಿನವರಿಗೆ ಇರಲಿಲ್ಲ. ಹೊಸಬರ ಮಾತನ್ನು ಯಾರಾದರೂ ಕೂತು ಕೇಳುವ ಹಾಗೆ ಮಾಡಿದರೆ ಆ ಪ್ರಶಸ್ತಿ ಒಳ್ಳೆಯದೇ. ನಿನ್ನ ಗೆಳತಿಯ ಜೊತೆಯವಳಿಗೆ ನನ್ನ ಕಡೆಯಿಂದಲೂ ಅಭಿನಂದನೆ ಹೇಳಮ್ಮ.

ಚಿಕ್ಕಮಗಳೂರು ಲ್ಯಾಬ್

ಮೇಷ್ಟ್ರೇ, ಒಪ್ಪಿದೆ, ಪೂರ್ತಿ ಅಲ್ಲ. ಪರದೇಶದಲ್ಲಿ ಸರಿ. ಆದರೆ ಪ್ರಶಸ್ತಿಯ ಹೆಸರಲ್ಲಿ ನಡೆಯುವ ಇನ್ನೊಂದು ವಿಷಯ ಈ ಹುಡುಗಿಗೆ ಗೊತ್ತಿರಲಿ. ಒಂದು ಪೇಪರ್ ಪ್ರಕಟವಾದ ಕೂಡಲೇ ನಿಮ್ಮ ಮೇಲ್‌ಗೆ "ಬೆಸ್ಟ್ ಯಂಗ್ ರಿಸರ್ಚರ್", "ಗ್ಲೋಬಲ್ ಸೈಂಟಿಸ್ಟ್" ಅಂತ ಸಾಲು ಸಾಲು ಪತ್ರ ಬರುತ್ತದೆ. ನೀವು ಆಯ್ಕೆಯಾಗಿದ್ದೀರಿ, ಇಷ್ಟು ಶುಲ್ಕ ಕಟ್ಟಿ ಅಂತ. ನಾನು ಪಿಜಿ ಮುಗಿಸಿದ ವರ್ಷ ನಂಬಿ ಕಟ್ಟಿದೆ. ಅಪ್ಪ ಕಾಫಿ ಕುಯ್ಲಿನ ದುಡ್ಡಿನಲ್ಲಿ ಕೊಟ್ಟಿದ್ದು. ಬಂದಿದ್ದು ಒಂದು ಪಿಡಿಎಫ್. ಅದನ್ನು ಅಪ್ಪ ಫ್ರೇಮ್ ಹಾಕಿಸಿದರು, ಅದಕ್ಕೇ ನನಗೆ ಇವತ್ತಿಗೂ ನೋವು. ಗೆದ್ದವರ ಹತ್ತಿರ ದುಡ್ಡು ಕೇಳಿದರೆ ಅದು ಪ್ರಶಸ್ತಿ ಅಲ್ಲ. ಸಮ್ಮೇಳನಕ್ಕೆ ನೋಂದಣಿ ಶುಲ್ಕ ಇರುತ್ತದೆ, ಸಂಘಕ್ಕೆ ಸದಸ್ಯತ್ವ ಶುಲ್ಕ ಇರುತ್ತದೆ, ಅದು ಬೇರೆ.

ಹಾಸನದ ಪಿಜಿ

ಸರ್, ನೀವು ಹೇಳಿದ್ದಕ್ಕೆ ತುಂಬಾ ಥ್ಯಾಂಕ್ಸ್. ನನಗೂ ಅಂಥ ಎರಡು ಮೇಲ್ ಬಂದಿದ್ದವು, ಒಂದಕ್ಕೆ ಉತ್ತರ ಬರೆಯೋಣ ಅಂತ ಇದ್ದೆ. ಈಗ ಎರಡನ್ನೂ ಅಳಿಸಿದೆ.

ಮೇಷ್ಟ್ರೇ, ವು ಅವರ ಬಗ್ಗೆ ಇವತ್ತೇ ಗೊತ್ತಾಗಿದ್ದು. ನಾಳೆ ಜೂನಿಯರ್‌ಗಳಿಗೆ ಹೇಳುತ್ತೇನೆ. ಈಗ ಹೇಳಿ, ನಾನು ಎಲ್ಲಿಗೆ ಕಳಿಸಲಿ?

ನಿವೃತ್ತ ಮೇಷ್ಟ್ರು, ಹಾಸನ

ಮೊದಲು ಹತ್ತಿರದ್ದು. ಐಎಪಿಎಂಗೆ, ಅಂದರೆ ಭಾರತದ ಪ್ಯಾಥಾಲಜಿಸ್ಟ್ ಮತ್ತು ಮೈಕ್ರೋಬಯಾಲಜಿಸ್ಟರ ಸಂಘಕ್ಕೆ ಕರ್ನಾಟಕ ಶಾಖೆ ಇದೆ. ರಾಜ್ಯ ಸಮ್ಮೇಳನದಲ್ಲಿ ಪಿಜಿಗಳಿಗೆ ಪೇಪರ್, ಪೋಸ್ಟರ್ ಬಹುಮಾನ ಇರುತ್ತದೆ. ರಾಷ್ಟ್ರ ಮಟ್ಟದಲ್ಲಿ ಅದೇ ಸಂಘದ ಸಮ್ಮೇಳನ ಎಪಿಕಾನ್. ಎಂಡಿ ಮುಗಿಸಲು ಪೋಸ್ಟರೋ ಪೇಪರೋ ಹೇಗೂ ತೋರಿಸಬೇಕು, ಹಾಗಾಗಿ ಇದು ಹೆಚ್ಚಿನ ಕೆಲಸ ಏನಲ್ಲ. ದುಡ್ಡಿನ ಸಹಾಯ ಬೇಕಾದರೆ ಆರ್‌ಜಿಯುಎಚ್‌ಎಸ್ (ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ) ಸಂಶೋಧನಾ ಅನುದಾನ, ಐಸಿಎಂಆರ್‌ನವರ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಪಿಜಿ ಥೀಸಿಸ್ ನೆರವು ಎರಡನ್ನೂ ನೋಡು. ಎಥಿಕ್ಸ್ ಕಮಿಟಿಯ ಪತ್ರ ಕೈಯಲ್ಲಿಟ್ಟುಕೋ. ಅಬ್‌ಸ್ಟ್ರ್ಯಾಕ್ಟ್ ಕಳಿಸುವ ಮೊದಲೇ ಲೇಖಕರ ಹೆಸರಿನ ಸಾಲು ಯಾವ ಕ್ರಮದಲ್ಲಿ ಅಂತ ಗೈಡ್ ಜೊತೆ ಮಾತಾಡಿಕೋ. ಆಮೇಲೆ ಮಾತಾಡೋಣ ಅಂತ ಬಿಟ್ಟ ಮಕ್ಕಳು ಕಣ್ಣೀರು ಹಾಕಿದ್ದನ್ನು ನೋಡಿದ್ದೇನೆ.

ಇನ್ನು ನಿನ್ನ ವಿಷಯ. ಥೈರಾಯ್ಡ್ ಎಫ್‌ಎನ್‌ಎಸಿ ಪೋಸ್ಟರ್ ಪ್ರತಿ ಸಮ್ಮೇಳನದಲ್ಲೂ ಬರುತ್ತದೆ. ಆರು ವರ್ಗ, ಇಷ್ಟಿಷ್ಟು ಕೇಸು, ಇಷ್ಟು ಶೇಕಡ ಅಂತ ಟೇಬಲ್ ಹಾಕಿದರೆ ಯಾರೂ ನಿಲ್ಲುವುದಿಲ್ಲ. ಒಂದೇ ಒಂದು ಪ್ರಶ್ನೆ ಇಟ್ಟುಕೋ. ನಾನಾಗಿದ್ದರೆ ಮೂರನೇ ವರ್ಗ ಹಿಡಿಯುತ್ತಿದ್ದೆ, ಎಯುಎಸ್. ಅಂದರೆ ಕೋಶಗಳ ಮೇಲೆ ಅನುಮಾನ ಇದೆ, ಆದರೆ ಖಚಿತವಾಗಿ ಹೇಳಲಾಗದು ಅನ್ನುವ ವರ್ಗ. ಬೆಥೆಸ್ಡಾದ 2023ರ ಮೂರನೇ ಆವೃತ್ತಿಯಲ್ಲಿ ಪ್ರತಿ ವರ್ಗಕ್ಕೂ ಒಂದೇ ಹೆಸರು ಮಾಡಿದ್ದಾರೆ, ಈ ವರ್ಗಕ್ಕಿದ್ದ ಎಫ್‌ಎಲ್‌ಯುಎಸ್ ಅನ್ನುವ ಇನ್ನೊಂದು ಹೆಸರು ಹೋಯಿತು. ನಿಮ್ಮಲ್ಲಿ ಎಯುಎಸ್ ಅಂತ ಬರೆದ ಕೇಸುಗಳನ್ನು ಮತ್ತೆ ತೆಗೆದು ನೋಡು. ಅದರಲ್ಲಿ ನಿಜವಾಗಿ ಕೋಶದ ಅನುಮಾನ ಇದ್ದದ್ದು ಎಷ್ಟು, ಸ್ಮಿಯರ್ (ಸ್ಲೈಡ್ ಮೇಲೆ ಹರಡಿದ ಕೋಶ) ಒಣಗಿ ಹೋಗಿ ಅಥವಾ ರಕ್ತ ಜಾಸ್ತಿಯಾಗಿ ಹೆದರಿ ಬರೆದದ್ದು ಎಷ್ಟು? ಹತ್ತತ್ತು ಕೋಶಗಳಿರುವ ಕನಿಷ್ಠ ಆರು ಗುಂಪು ಇಲ್ಲದ, ಅಂದರೆ ಕೋಶ ಸಾಲದ ಸ್ಲೈಡುಗಳನ್ನು ಬೇರೆ ಇಡು.

ಇನ್ನೊಂದು ಎಚ್ಚರ. ಹಿಸ್ಟೊ ಇರುವುದು ಆಪರೇಷನ್ ಆದವರದ್ದು ಮಾತ್ರ. ಅನುಮಾನ ಜಾಸ್ತಿ ಇದ್ದವರೇ ಆಪರೇಷನ್‌ಗೆ ಹೋಗಿರುತ್ತಾರೆ. ಹಾಗಾಗಿ ಕ್ಯಾನ್ಸರ್‌ನ ಶೇಕಡ ಇರುವುದಕ್ಕಿಂತ ಹೆಚ್ಚು ಕಾಣುತ್ತದೆ. ಇದನ್ನು ನೀನೇ ಮೊದಲು ಹೇಳಿಬಿಡು, ತೀರ್ಪುಗಾರರು ಹೇಗೂ ಕೇಳುತ್ತಾರೆ.

ಮೂಡಿಗೆರೆ ಕಡೆಯವನು

ಮೇಷ್ಟ್ರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ನಮ್ಮ ಮಲೆನಾಡಿನಲ್ಲಿ ಗಳಗಂಡ, ಅಂದರೆ ಥೈರಾಯ್ಡ್ ಊದಿಕೊಳ್ಳುವುದು, ಹಿಂದಿನಿಂದಲೂ ಇದ್ದ ಕಾಯಿಲೆ. ನನ್ನ ಅಜ್ಜನ ತಂಗಿಯ ಕುತ್ತಿಗೆ ಇವತ್ತಿಗೂ ನೆನಪಿದೆ. ನಿಮ್ಮ ರೋಗಿಗಳಲ್ಲಿ ಮಲೆನಾಡಿನ ತಾಲ್ಲೂಕುಗಳಿಂದ ಬಂದವರೆಷ್ಟು, ಬಯಲು ಕಡೆಯಿಂದ ಬಂದವರೆಷ್ಟು ಅಂತ ಬರೆದಿಟ್ಟಿದ್ದೀರಾ? ಸಕಲೇಶಪುರ, ಆಲೂರು ಒಂದು ಕಡೆ, ಅರಸೀಕೆರೆ, ಚನ್ನರಾಯಪಟ್ಟಣ ಇನ್ನೊಂದು ಕಡೆ. ಒಂದೇ ಜಿಲ್ಲೆಯಲ್ಲಿ ಎರಡೂ ಸಿಗುವುದು ನಿಮ್ಮ ಅದೃಷ್ಟ. ದೊಡ್ಡ ಊರಿನ ದೊಡ್ಡ ಆಸ್ಪತ್ರೆಯವರು ಬಯಸಿದರೂ ಈ ಕೆಲಸ ಇಷ್ಟು ಚೆನ್ನಾಗಿ ಮಾಡಲು ಆಗುವುದಿಲ್ಲ.

ಹಾಸನದ ಪಿಜಿ

ವಿಳಾಸ ಎಲ್ಲ ರಿಜಿಸ್ಟರ್‌ನಲ್ಲಿದೆ, ನನ್ನ ಶೀಟ್‌ಗೆ ಮಾತ್ರ ಹಾಕಿರಲಿಲ್ಲ! ತಾಲ್ಲೂಕು ಅಂತ ಒಂದು ಕಾಲಂ ಇವತ್ತು ರಾತ್ರಿಯೇ ಸೇರಿಸುತ್ತೇನೆ. ಎಯುಎಸ್ ಸ್ಲೈಡುಗಳನ್ನು ಶನಿವಾರ ಮಧ್ಯಾಹ್ನ ಗೈಡ್ ಜೊತೆ ಕೂತು ಮತ್ತೆ ನೋಡುತ್ತೇವೆ, ಈಗಷ್ಟೇ ಫೋನ್ ಮಾಡಿ ಕೇಳಿದೆ, ಹೂಂ ಅಂದರು. ಮೇಷ್ಟ್ರೇ, ಅಬ್‌ಸ್ಟ್ರ್ಯಾಕ್ಟ್ ಬರೆದ ಮೇಲೆ ನಿಮಗೆ ಒಮ್ಮೆ ತೋರಿಸಬಹುದಾ?

ನಿವೃತ್ತ ಮೇಷ್ಟ್ರು, ಹಾಸನ

ಪ್ರಿಂಟ್ ತೆಗೆದುಕೊಂಡು ಮನೆಗೇ ಬಾಮ್ಮ. ಸ್ಕ್ರೀನ್ ಮೇಲೆ ಓದಲು ನನಗೆ ಕಣ್ಣು ಆಗುವುದಿಲ್ಲ. ಅನುಮಾನ ಇರುವ ನಾಲ್ಕೈದು ಸ್ಲೈಡ್‌ಗಳನ್ನೂ ಗೈಡ್ ಒಪ್ಪಿಗೆ ತೆಗೆದುಕೊಂಡು ತಾ, ನನ್ನ ಹಳೆಯ ಮೈಕ್ರೋಸ್ಕೋಪ್ ಇನ್ನೂ ಇದೆ.